ಕುಣಿಯುವವನ ತಲೆಯೊಳಗೆ ಬೆಳಕು

ಮಳೆಗಾಲ ಮುಗಿದ ಮೇಲೆ ವರದಮೂಲದ ಸುತ್ತಿನ ಊರುಗಳಲ್ಲಿ ಯಕ್ಷಗಾನದ ಆಟಗಳು ಶುರುವಾಗುತ್ತವೆ. ಮಂಡಿಯೂರಿ ಗಿರಗಿರನೆ ಸುತ್ತುವ ವೇಷಧಾರಿ ಮರುಕ್ಷಣವೇ ಎದ್ದು ತಾಳ ತಪ್ಪದೆ ಹೆಜ್ಜೆ ಹಾಕುತ್ತಾನೆ. ಆಗ ಅವನ ಮೆದುಳಿನಲ್ಲಿ ಏನು ನಡೆಯುತ್ತಿರುತ್ತದೆ? ಎಂಆರ್‌ಐ ಯಂತ್ರವನ್ನು ಕೇಳಿ ಪ್ರಯೋಜನವಿಲ್ಲ. ಅದರೊಳಗೆ ತಲೆ ಅಲುಗಿಸದೆ ಮಲಗಬೇಕು. ಕುಣಿಯುವವನ ಮಾತಿರಲಿ, ಲಕ್ವ ಹೊಡೆದು ಮತ್ತೆ ನಡಿಗೆ ಕಲಿಯುತ್ತಿರುವ ಅಜ್ಜನ ಮೆದುಳನ್ನು, ಆತ ನಡೆಯುವಾಗಲೇ ನೋಡಲು ಅದಕ್ಕೆ ಆಗದು.

ಈ ತೊಡಕಿಗೆ ಸಿಕ್ಕ ಒಂದು ಉತ್ತರ ಅವಗೆಂಪು ಬೆಳಕು. ಜನ ಇನ್‌ಫ್ರಾರೆಡ್ ಎನ್ನುವುದು ಇದನ್ನೇ. ಕಣ್ಣಿಗೆ ಕಾಣುವ ಕೆಂಪಿನಾಚೆಗೆ ಇಂಥದೊಂದಿದೆ ಎಂದು ವಿಲಿಯಂ ಹರ್ಷೆಲ್ 1800ರಲ್ಲಿ ಬರಿಯ ಥರ್ಮಾಮೀಟರಿನಿಂದ ಕಂಡುಕೊಂಡಿದ್ದ.

ಮೆದುಳಿನ ಕಡೆಯ ಕಥೆ ಶುರುವಾಗುವುದು ಇಟಲಿಯಲ್ಲಿ, 19ನೇ ಶತಮಾನದ ಕೊನೆಯ ದಶಕಗಳಲ್ಲಿ. ತಲೆಗೆ ಪೆಟ್ಟಾಗಿ ಬುರುಡೆಯಲ್ಲಿ ಕಂಡಿ ಬಿದ್ದಿದ್ದ ಒಬ್ಬ ರೈತನನ್ನು ಆಂಜೆಲೊ ಮೊಸ್ಸೊ ಪರೀಕ್ಷಿಸುತ್ತಿದ್ದ. ಚರ್ಚಿನ ಗಂಟೆ ಬಾರಿಸಿದಾಗ, ಲೆಕ್ಕ ಕೇಳಿದಾಗ, ಆ ಕಂಡಿಯಲ್ಲಿ ಮೆದುಳಿನ ಮಿಡಿತ ಜೋರಾಗುತ್ತಿತ್ತು. ದುಡಿಯುವ ಮೆದುಳಿಗೆ ಹೆಚ್ಚು ರಕ್ತ ಹರಿಯುತ್ತದೆ ಎಂಬ ಮಾತನ್ನು 1890ರಲ್ಲಿ ರಾಯ್ ಮತ್ತು ಶೆರಿಂಗ್ಟನ್ ಪ್ರಯೋಗದಿಂದ ಮುಂದಿಟ್ಟರು. ಆದರೆ ಎಲ್ಲರ ಬುರುಡೆಯಲ್ಲೂ ಕಂಡಿ ಇರುವುದಿಲ್ಲವಲ್ಲ!

ಬುರುಡೆ ಒಡೆಯದೆಯೇ ಒಳಗೆ ಇಣುಕಬಹುದು ಎಂದು ತೋರಿಸಿದವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್. ಊಟದ ಮೇಜಿನ ಮೇಲಿದ್ದ ದನದ ಮೂಳೆಯನ್ನು ಬೆಳಕಿಗೆ ಹಿಡಿದಾಗ ಕೆಂಪು ಬೆಳಕು ಈಚೆಗೆ ಹಾದು ಬಂದದ್ದೇ ಈ ಯೋಚನೆಗೆ ಮೊದಲಾಯಿತಂತೆ. ಕರೆಂಟು ಹೋದ ರಾತ್ರಿ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದು ಆಡಿದ ಮಲೆನಾಡಿನ ಮಕ್ಕಳಿಗೆ ಇದು ಹೊಸದಲ್ಲ. ಯೋಬ್ಸಿಸರ ಲೇಖನ 1977ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು.

ಉಪಾಯ ಇಷ್ಟು: ಸುಮಾರು 700ರಿಂದ 900 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಚರ್ಮ, ಮೂಳೆ, ನೀರು ಅಷ್ಟಾಗಿ ಹೀರುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಮಾತ್ರ ಆಮ್ಲಜನಕ ಹೊತ್ತಾಗ ಒಂದು ರೀತಿ, ಇಳಿಸಿದಾಗ ಇನ್ನೊಂದು ರೀತಿ ಹೀರುತ್ತದೆ. ತಲೆಗೆ ಟೋಪಿ ತೊಡಿಸಿ ಒಂದೆಡೆ ಬೆಳಕು ಬಿಟ್ಟು, ಸುಮಾರು 3 ಸೆಂಟಿಮೀಟರ್ ಆಚೆ ಮರಳಿ ಬಂದದ್ದನ್ನು ಅಳೆಯುತ್ತಾರೆ. ಬೆಳಕು ನೇರ ಹೋಗದೆ ಬಾಳೆಹಣ್ಣಿನಂತೆ ಬಾಗಿದ ಹಾದಿಯಲ್ಲಿ ಬರುತ್ತದೆ. ತೀರ್ಥಹಳ್ಳಿ ದಾರಿಯ ಮಂಜಿನಲ್ಲಿ ಬಸ್ಸಿನ ಹೆಡ್‌ಲೈಟ್ ಚೆದುರುವುದಿಲ್ಲವೇ, ಹಾಗೆಯೇ ತಲೆಯೊಳಗೂ ಬೆಳಕು ಚೆದುರುತ್ತದೆ. ಚೆದುರಿ ಹೊರಬಂದ ಬೆಳಕಿನಿಂದ ಒಳಗಿನ ಚಿತ್ರ ಕಟ್ಟುವ ಗಣಿತದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್.ಎಂ. ವಾಸು, ಫಣೀಂದ್ರ ಯಲವರ್ತಿ ಮುಂತಾದವರು ದುಡಿದಿದ್ದಾರೆ.

1993ರಲ್ಲಿ ಜಪಾನ್, ಜರ್ಮನಿ, ಅಮೆರಿಕಗಳ ತಂಡಗಳು ಬೇರೆಬೇರೆಯಾಗಿಯೇ, ಕೆಲಸದಲ್ಲಿ ತೊಡಗಿದ ಮೆದುಳನ್ನು ಈ ಬೆಳಕಿನಿಂದ ಅಳೆದು ವರದಿ ಮಾಡಿದವು. ನಡಿಗೆಗೆ ಇದನ್ನು ಹಚ್ಚಿದ್ದು ಜಪಾನಿನ ಇಚಿರೊ ಮಿಯಾಯ್ ತಂಡ. 2001ರಲ್ಲಿ ಅವರು ಟ್ರೆಡ್‌ಮಿಲ್ ಮೇಲೆ ನಡೆಯುವವರ ಮೆದುಳಿನ ನಕ್ಷೆ ಬರೆದರು. ಮರುವರ್ಷ ಲಕ್ವ ಹೊಡೆದವರ ಸರದಿ. ಚಿಕಿತ್ಸಕರ ಆಸರೆಯಲ್ಲಿ ಅವರು ಕಾಲೆಳೆಯುತ್ತ ನಡೆಯುವಾಗ, ಪೆಟ್ಟು ಬಿದ್ದ ಬದಿಯಲ್ಲೇ ಚಲನೆಗೆ ಅಣಿಮಾಡುವ ಭಾಗ ಚುರುಕಾಗುತ್ತಿತ್ತು. ಸತ್ತೇ ಹೋಯಿತೆಂದು ಮನೆಯವರು ಕೈಬಿಟ್ಟ ಬದಿ ಅದು.

ಹಾಗೆಂದು ಇದು ಮಾಯಾದೀಪವಲ್ಲ. ಬೆಳಕು ಮೆದುಳಿನ ಮೇಲ್ಪದರದಷ್ಟೇ ಆಳ ಮುಟ್ಟುತ್ತದೆ. ದಣಿದಾಗ ನೆತ್ತಿಯ ಚರ್ಮದಲ್ಲಿ ಏರುವ ರಕ್ತವೂ ಲೆಕ್ಕ ಕೆಡಿಸುತ್ತದೆ. ನಮ್ಮವರಿಗೆ ಮುಖ್ಯವಾದ ಸಂಗತಿ ಇನ್ನೊಂದಿದೆ: ದಟ್ಟ ಕಪ್ಪು ಕೂದಲು, ಕಪ್ಪು ಚರ್ಮ ಈ ಬೆಳಕನ್ನು ನುಂಗುತ್ತವೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಆಕ್ಸಿಮೀಟರ್ ಇದರ ದಾಯಾದಿಯೇ. ಕಪ್ಪು ವರ್ಣದ ರೋಗಿಗಳಲ್ಲಿ ಆಮ್ಲಜನಕ ಕುಸಿದದ್ದನ್ನು ಅದು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ತಪ್ಪಿಸಿಕೊಂಡಿತ್ತೆಂದು 2020ರ ಅಮೆರಿಕದ ಅಧ್ಯಯನವೊಂದು ಹೇಳಿತು. ತಲೆಯ ಟೋಪಿಯನ್ನೂ ನಮ್ಮಂಥವರ ತಲೆಯ ಮೇಲಿಟ್ಟೇ ಒರೆಗೆ ಹಚ್ಚಬೇಕಾದದ್ದು ಇದಕ್ಕೇ.

ಸದ್ಯಕ್ಕೆ ಪ್ರಯೋಗಾಲಯದಲ್ಲಿ ಒಂದೊಂದು ಸೆನ್ಸರಿನ ಕೆಳಗೂ ಕಡ್ಡಿಯಿಂದ ಕೂದಲು ಸರಿಸುತ್ತಾ ಕೂರುತ್ತಾರೆ. ಬ್ಯಾಟರಿಯಲ್ಲಿ ನಡೆಯುವ, ತಂತಿಯ ಗೋಜಿಲ್ಲದ ಟೋಪಿಗಳೇನೋ ಬಂದಿವೆ. ಆದರೆ ಯಕ್ಷಗಾನದ ವೇಷಧಾರಿಯ ತಲೆಯಲ್ಲಿ ಆ ಜಾಗ ಕೇದಗೆ ಮುಂದಲೆಗೆ ಮೀಸಲು.