ಉತ್ತರ ಬೆಂಗಳೂರಿನಲ್ಲಿ ಮಹಿಳೆಯರ ದೂರದ ಓಟ

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಮತ್ತು ಇವುಗಳ ಆಸುಪಾಸಿನ ಬಡಾವಣೆಗಳಲ್ಲಿ ಮಹಿಳೆಯರ ದೂರದ ಓಟ ಬೆಳೆದುಬಂದ ಬಗೆ ಈ ಲೇಖನದ ವಿಷಯ. ಐದು ಕಿಲೋಮೀಟರಿನ ಹವ್ಯಾಸಿ ಓಟದಿಂದ 42.195 ಕಿ.ಮೀ. ಮ್ಯಾರಥಾನ್‌ವರೆಗೆ ಎಲ್ಲವೂ ಇದರಲ್ಲಿ ಸೇರುತ್ತವೆ. ನಗರದ ದೊಡ್ಡ ಸ್ಪರ್ಧೆಗಳು ಹೆಚ್ಚಾಗಿ ಕಂಠೀರವ ಕ್ರೀಡಾಂಗಣ, ಕಬ್ಬನ್ ಪಾರ್ಕ್ ಸುತ್ತಮುತ್ತ ನಡೆಯುತ್ತವೆ. ಉತ್ತರ ಭಾಗದ ಓಟಗಾರ್ತಿಯರ ತಯಾರಿ ನಡೆಯುವುದು ಕೆರೆ ಏರಿ, ಉದ್ಯಾನ, ಕಾಲೇಜು ಆವರಣಗಳಲ್ಲಿ. ಹೀಗಾಗಿ ಇಲ್ಲಿನ ಇತಿಹಾಸದಲ್ಲಿ ಪದಕಗಳ ಲೆಕ್ಕ ಕಡಿಮೆ. ಹೆಣ್ಣು ಹೊತ್ತು ಮೂಡುವ ಮುನ್ನ ಒಬ್ಬಳೇ ರಸ್ತೆಗಿಳಿಯುವ ರೂಢಿ ಹೇಗೆ ಬೆಳೆಯಿತೆಂಬುದೇ ಅದರ ಮುಖ್ಯ ಎಳೆ.

ಹಿನ್ನೆಲೆ

ಹೆಣ್ಣಿನ ದೇಹ ದೂರದ ಓಟವನ್ನು ತಾಳದು ಎಂಬ ನಂಬಿಕೆ ಇಪ್ಪತ್ತನೆಯ ಶತಮಾನದ ಬಹುಭಾಗ ಕ್ರೀಡಾ ನಿಯಮವಾಗಿಯೇ ಉಳಿದಿತ್ತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಡಿದ ಮಹಿಳೆಯರು ಬಳಲಿದರೆಂಬ ಕಾರಣ ಮುಂದೊಡ್ಡಿ ಆ ಸ್ಪರ್ಧೆಯನ್ನೇ ಕೈಬಿಡಲಾಯಿತು. ಅದು ಮರಳಿದ್ದು 1960ರಲ್ಲಿ. 1967ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಅವರನ್ನು ಅಧಿಕಾರಿಯೊಬ್ಬರು ಓಟದ ನಡುವೆಯೇ ಹಿಡಿದೆಳೆಯಲು ಹೋದರೂ ಅವರು ಓಟ ಮುಗಿಸಿದರು. ಒಲಿಂಪಿಕ್ಸ್‌ಗೆ ಮಹಿಳಾ ಮ್ಯಾರಥಾನ್ ಸೇರಿದ್ದು 1984ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ. ಮರುವರ್ಷವೇ ಜಕಾರ್ತಾದ ಏಷ್ಯನ್ ಅಥ್ಲೆಟಿಕ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಆಶಾ ಅಗರ್ವಾಲ್ ಮ್ಯಾರಥಾನ್ ಚಿನ್ನ ಗೆದ್ದರು.

ಆ ದಶಕದಲ್ಲಿ ಕರ್ನಾಟಕದ ಮಹಿಳೆಯರ ಹೆಸರು ಕೇಳಿಬರುತ್ತಿದ್ದುದು ಕಡಿಮೆ ದೂರದ ಓಟ ಮತ್ತು ಜಿಗಿತಗಳಲ್ಲಿ. ಕೊಡಗಿನ ಅಶ್ವಿನಿ ನಾಚಪ್ಪ ವೇಗದ ಓಟಕ್ಕೆ, ರೀತ್ ಅಬ್ರಹಾಂ ಹೆಪ್ಟಥ್ಲಾನ್ ಹಾಗೂ ಉದ್ದಜಿಗಿತಕ್ಕೆ ಹೆಸರಾಗಿದ್ದರು. ದೂರದ ಓಟವೆಂದರೆ ಶಾಲಾ ಕಾಲೇಜುಗಳ ಗುಡ್ಡಗಾಡು ಓಟ, ಇಲ್ಲವೇ ಪೊಲೀಸ್, ರೈಲ್ವೆ, ಬ್ಯಾಂಕ್ ತಂಡಗಳ ಆಯ್ಕೆ. ಕ್ರೀಡಾ ಕೋಟಾದಲ್ಲಿ ಸಿಗುವ ನೌಕರಿಯೇ ಹಲವು ಹೆಣ್ಣುಮಕ್ಕಳಿಗೆ ಓಡಲು ಮನೆಯವರ ಒಪ್ಪಿಗೆ ದೊರಕಿಸುವ ದಾರಿಯಾಗಿತ್ತು.

ತರಬೇತಿಯ ನೆಲೆಗಳು

ಬಳ್ಳಾರಿ ರಸ್ತೆಯಲ್ಲಿ ಯಲಹಂಕ ದಾಟಿದ ಮೇಲೆ ಸಿಗುವ ವಿದ್ಯಾನಗರದಲ್ಲಿ ರಾಜ್ಯದ ಯುವಜನ ಮತ್ತು ಕ್ರೀಡಾ ಇಲಾಖೆಯ ಜಯಪ್ರಕಾಶ ನಾರಾಯಣ ಯುವ ತರಬೇತಿ ಕೇಂದ್ರವಿದೆ. ಇಲ್ಲಿನ ಕ್ರೀಡಾ ವಸತಿನಿಲಯ ದೂರದ ಜಿಲ್ಲೆಗಳ ಮಕ್ಕಳಿಗೂ ಊಟ, ಓದು, ತರಬೇತಿಯನ್ನು ಒಂದೇ ಕಡೆ ಒದಗಿಸುತ್ತದೆ. ನಗರದ ದೊಡ್ಡ ಸ್ಪರ್ಧೆಗಳ ನೆಲೆಯಾದ ಕಂಠೀರವ ಕ್ರೀಡಾಂಗಣಕ್ಕೆ 1997ರ ರಾಷ್ಟ್ರೀಯ ಕ್ರೀಡಾಕೂಟ ಹೊಸ ರೂಪ ಕೊಟ್ಟಿತು.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ ಮತ್ತು ಬೇಸಿಗೆಯಲ್ಲೂ ತಂಪಾಗಿರುವ ಮುಂಜಾವು ಬೆಂಗಳೂರನ್ನು ದೂರದ ಓಟದ ತರಬೇತಿಗೆ ಒಗ್ಗಿಸಿವೆ. ನಗರದ ಇನ್ನೊಂದು ತುದಿಯ ಜ್ಞಾನಭಾರತಿಯಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಲಲಿತಾ ಬಾಬರ್, ಸುಧಾ ಸಿಂಗ್, ಒ.ಪಿ. ಜೈಶಾ ತರಬೇತಿ ಪಡೆದರು. ಇವರಲ್ಲಿ ಲಲಿತಾ 2016ರ ರಿಯೊ ಒಲಿಂಪಿಕ್ಸ್‌ನ 3,000 ಮೀ. ಸ್ಟೀಪಲ್‌ಚೇಸ್ ಫೈನಲ್ ತಲುಪಿ ಹತ್ತನೆಯ ಸ್ಥಾನ ಪಡೆದರು. 1984ರಲ್ಲಿ ಪಿ.ಟಿ. ಉಷಾ ಅವರ ನಂತರ ವೈಯಕ್ತಿಕ ಟ್ರ್ಯಾಕ್ ಸ್ಪರ್ಧೆಯ ಒಲಿಂಪಿಕ್ ಫೈನಲ್ ತಲುಪಿದ ಮೊದಲ ಭಾರತೀಯ ಮಹಿಳೆ ಅವರು.

ರಸ್ತೆ ಓಟದ ಕಾಲ

2008ರ ಮೇ ತಿಂಗಳಲ್ಲಿ ಉತ್ತರ ಬೆಂಗಳೂರಿನ ಬದುಕನ್ನು ತಟ್ಟಿದ ಎರಡು ಸಂಗತಿಗಳು ನಡೆದವು. ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ಬಾಗಿಲು ತೆರೆಯಿತು. ನಗರದ ನಡುವೆ ಅಂತರರಾಷ್ಟ್ರೀಯ 10 ಕಿ.ಮೀ. ಓಟ ‘ವರ್ಲ್ಡ್ 10ಕೆ’ ಶುರುವಾಯಿತು. ವಿಮಾನ ನಿಲ್ದಾಣದಿಂದಾಗಿ ಬಳ್ಳಾರಿ ರಸ್ತೆ ವೇಗದ ವಾಹನಗಳ ಹೆದ್ದಾರಿಯಾಗಿ, ಅದರ ಅಂಚಿನಲ್ಲಿ ಕಾಲ್ನಡಿಗೆಯೇ ಕಷ್ಟವಾಯಿತು. ಅದೇ ಹೊತ್ತಿಗೆ, ವರ್ಷಕ್ಕೊಂದು ಭಾನುವಾರ ವಾಹನ ತಡೆದು ರಸ್ತೆಯನ್ನು ಓಟಗಾರರಿಗೆ ಬಿಟ್ಟುಕೊಡುವ ಪದ್ಧತಿಯೂ ಬಂತು. ಪಳಗಿದವರಿಗೆ 10 ಕಿ.ಮೀ., ಹೊಸಬರಿಗೆ ‘ಮಜ್ಜಾ ರನ್’ ಇದ್ದುದರಿಂದ ಅಮ್ಮ ಮಗಳು ಒಟ್ಟಿಗೆ ಬಿಬ್ ಕಟ್ಟಿಕೊಳ್ಳುವಂತಾಯಿತು. ಇಲ್ಲಿ ಗೆದ್ದ ಪುರುಷನಿಗೂ ಮಹಿಳೆಗೂ ಬಹುಮಾನದ ಮೊತ್ತ ಒಂದೇ. ಮುಂದೆ 2014ರಲ್ಲಿ ಬೆಂಗಳೂರು ಮ್ಯಾರಥಾನ್ ಕೂಡ ಆರಂಭವಾಯಿತು.

‘ವರ್ಲ್ಡ್ 10ಕೆ’ ಓಟದ ನೆನಪಿನಲ್ಲಿ ನೋವಿನ ಅಧ್ಯಾಯವೂ ಒಂದಿದೆ. 2018 ಮತ್ತು 2019ರಲ್ಲಿ ಇಲ್ಲಿ ಗೆದ್ದ ಕೆನ್ಯಾದ ಆಗ್ನೆಸ್ ಟಿರೋಪ್ 2021ರ ಸೆಪ್ಟೆಂಬರ್‌ನಲ್ಲಿ ಮಹಿಳೆಯರಷ್ಟೇ ಓಡುವ 10 ಕಿ.ಮೀ. ರಸ್ತೆ ಓಟದ ವಿಶ್ವದಾಖಲೆಯನ್ನು 30 ನಿಮಿಷ 1 ಸೆಕೆಂಡಿಗೆ ಇಳಿಸಿದ್ದರು. ಮರುತಿಂಗಳು ಇಟೆನ್‌ನ ತಮ್ಮ ಮನೆಯಲ್ಲೇ ಅವರ ಕೊಲೆಯಾಯಿತು. ಅವರ ನೆನಪಿನಲ್ಲಿ ಹುಟ್ಟಿದ ‘ಟಿರೋಪ್ಸ್ ಏಂಜಲ್ಸ್’ ಸಂಸ್ಥೆ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧ ಕೆಲಸ ಮಾಡುತ್ತಿದೆ. ಓಟದ ಗಳಿಕೆ ಹೆಣ್ಣಿಗೆ ಸ್ವಾತಂತ್ರ್ಯ ತರಬಹುದು, ಮನೆಯೊಳಗಿನ ಸುರಕ್ಷತೆಯನ್ನು ತಾನಾಗಿ ತರದು ಎಂಬುದಕ್ಕೆ ಈ ಪ್ರಕರಣ ನಿದರ್ಶನ.

ಮಹಿಳೆಯರದೇ ಓಟಗಳು

ಮಿಲಿಂದ್ ಸೋಮನ್ ಮತ್ತು ರೀಮಾ ಸಾಂಘವಿ 2012ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮಹಿಳೆಯರ ಓಟ ‘ಪಿಂಕಥಾನ್’ ಬೆಂಗಳೂರಿಗೂ ಬಂತು. ಸ್ತನ ಕ್ಯಾನ್ಸರ್ ಬಗ್ಗೆ ಅರಿವು ಮೂಡಿಸುವುದು ಅದರ ಉದ್ದೇಶಗಳಲ್ಲೊಂದು. ಹಸುಗೂಸನ್ನು ಎದೆಗೆ ಕಟ್ಟಿಕೊಂಡ ತಾಯಂದಿರು, ದೃಷ್ಟಿದೋಷವುಳ್ಳವರು, ಕ್ಯಾನ್ಸರ್ ಗೆದ್ದವರು ಅದರಲ್ಲಿ ಹೆಜ್ಜೆ ಹಾಕಿದ್ದಾರೆ. ಓಟಕ್ಕೆ ಉಡುಪು ಅಡ್ಡಿಯಾಗಬಾರದೆಂಬ ಆಶಯದ ಸೀರೆ ಓಟಗಳೂ ನಗರದಲ್ಲಿ ನಡೆದಿವೆ. 2022ರ ಜುಲೈನಲ್ಲಿ ಕಂಠೀರವದಲ್ಲಿ ನಡೆದ ಏಷ್ಯಾ ಮತ್ತು ಓಷಿಯಾನಿಯಾ 24 ಗಂಟೆಗಳ ಓಟದಲ್ಲಿ ಭಾರತದ ಮಹಿಳಾ ತಂಡ ಬೆಳ್ಳಿ ಪಡೆಯಿತು. ಹೆಣ್ಣು ಎರಡು ಸುತ್ತು ತಾಳಲಾರಳು ಎಂದ 1928ರ ತೀರ್ಪಿಗೆ, ಹಗಲಿರುಳು ಓಡಿದ ಈ ಮಹಿಳೆಯರೇ ಉತ್ತರ.

ಕೆರೆ ಏರಿಯ ಅಭ್ಯಾಸ

ಉತ್ತರ ಭಾಗದ ದಿನನಿತ್ಯದ ಓಟಕ್ಕೆ ಜಕ್ಕೂರು, ರಾಚೇನಹಳ್ಳಿ, ಹೆಬ್ಬಾಳ ಕೆರೆಗಳ ದಡ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮರಗಳ ಸಾಲು, ಮತ್ತಿಕೆರೆಯ ಜೆ.ಪಿ. ಪಾರ್ಕ್, ಯಶವಂತಪುರದ ಎದುರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಸುಪಾಸು ನೆಲೆಯಾಗಿವೆ. ಕೆರೆ ಏರಿಯಲ್ಲಿ ವಾಹನವಿಲ್ಲ. ಸುತ್ತು ಎಣಿಸಿದರೆ ದೂರ ಗೊತ್ತಾಗುತ್ತದೆ. ವಾಕಿಂಗ್‌ಗೆ ಬರುವ ಹಿರಿಯರ ಓಡಾಟವೇ ಕಾವಲಾಗುತ್ತದೆ. ತಿಂಡಿ, ಮಕ್ಕಳ ಡಬ್ಬಿ, ಶಾಲಾ ವ್ಯಾನಿಗೆ ಮುಂಚಿನ ಒಂದು ಗಂಟೆಯಷ್ಟೇ ಹಲವು ಗೃಹಿಣಿಯರ ಕೈಯಲ್ಲಿರುವುದರಿಂದ ಮನೆಗೆ ಹತ್ತಿರವಿರುವ ಇಂಥ ಜಾಗಗಳ ಬೆಲೆ ಹೆಚ್ಚು. ಒಬ್ಬಳೇ ಹೊರಡಲು ಹಿಂಜರಿಯುವವರು ನೆರೆಯವರ ಜತೆಗೂಡಿ ಗುಂಪು ಕಟ್ಟಿಕೊಳ್ಳುತ್ತಾರೆ. ಭಯ ಕಳೆದ ಮೇಲೆ ಒಂಟಿಯಾಗಿಯೂ ಓಡುತ್ತಾರೆ.

ಮಿತಿಗಳು

ಈ ಬದಲಾವಣೆ ಎಲ್ಲರನ್ನೂ ಸಮನಾಗಿ ಮುಟ್ಟಿಲ್ಲ. ಬೂಟು ಮತ್ತು ಪ್ರವೇಶ ಶುಲ್ಕ ದುಬಾರಿ. ಬೀದಿದೀಪವಿಲ್ಲದ ತಿರುವು, ಒಡೆದ ಫುಟ್‌ಪಾತ್, ಬೀದಿನಾಯಿ, ಚುಡಾವಣೆ ಇನ್ನೂ ಕಾಡುತ್ತವೆ. ಯಶವಂತಪುರದ ಆಚೆ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳು ಇದೇ ಮುಂಜಾವಿನಲ್ಲಿ ಓಡುವುದು ಬಸ್ಸು ಹಿಡಿಯಲು. ಕೆರೆ ಏರಿಯ ಒಂದು ಗಂಟೆ ಅವರ ಪಾಲಿಗೆ ಇನ್ನೂ ಬಂದಿಲ್ಲ.