ತೆರೆದ ಬೋರ್‌ವೆಲ್: ಇದು ಬರೀ ನಿರ್ಲಕ್ಷ್ಯವಾ, ಡಿಸೈನ್‌ನ ಸೋಲಾ?

2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲೂಕಿನ ಲಚ್ಯಾಣ ಗ್ರಾಮದಲ್ಲಿ ಆಟವಾಡುತ್ತಿದ್ದ ಪುಟ್ಟ ಮಗುವೊಂದು ಬೋರ್‌ವೆಲ್‌ಗೆ ಬಿತ್ತು. ಬೋರು ಹೊಸದಾಗಿ ಕೊರೆದದ್ದು, ಬಾಯಿ ಮುಚ್ಚಿರಲಿಲ್ಲ. ರಕ್ಷಣಾ ಸಿಬ್ಬಂದಿ ರಾತ್ರಿಯೆಲ್ಲ ಪಕ್ಕದಲ್ಲಿ ಗುಂಡಿ ತೋಡಿದರು. ಸುಮಾರು 20 ಗಂಟೆಗಳ ನಂತರ ಮಗು ಜೀವಂತವಾಗಿ ಹೊರಬಂತು.

ಎಲ್ಲ ಮಕ್ಕಳಿಗೂ ಈ ಅದೃಷ್ಟ ಇರಲಿಲ್ಲ. 2014ರ ಜೂನ್‌ನಲ್ಲಿ ಇದೇ ಜಿಲ್ಲೆಯ ನಾಗಠಾಣ, ಅದೇ ವರ್ಷ ಆಗಸ್ಟ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿ, 2017ರ ಏಪ್ರಿಲ್‌ನಲ್ಲಿ ಅಥಣಿ ತಾಲೂಕಿನ ಝುಂಜರವಾಡ. ಮೂರೂ ಕಡೆ ಮಗು ಉಳಿಯಲಿಲ್ಲ. ಪ್ರತಿ ಸಲವೂ ನಾವು ಹೇಳಿದ್ದು ಒಂದೇ ಮಾತು: "ಮಾಲಕರ ನಿರ್ಲಕ್ಷ್ಯ."

ಆ ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಂತರೆ ಮುಂದಿನ ಮಗುವನ್ನು ಉಳಿಸೋಕೆ ಆಗಲ್ಲ. ಬೇರೆ ಬೇರೆ ಊರಿನ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಜನ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದಾರೆ ಅಂದರೆ, ಆ ಜನರ ಜೊತೆಗೆ ಕೆಲಸ ನಡೆಯುವ ಕ್ರಮವನ್ನೂ ನೋಡಬೇಕು.

ಕೊನೆಯ ಹೆಜ್ಜೆ ಯಾಕೆ ತಪ್ಪುತ್ತದೆ?

ಡೊನಾಲ್ಡ್ ನಾರ್ಮನ್ 1988ರಲ್ಲಿ ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ ಬರೆದ ಪುಸ್ತಕದ ತಿರುಳು ಇಷ್ಟು: ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪು ಅನಾಹುತ ಆಗದಂತೆ ವಸ್ತು ಮತ್ತು ವ್ಯವಸ್ಥೆಯನ್ನು ಕಟ್ಟಬೇಕು. ಡಿಸೈನ್ ಅಂದರೆ ಚಂದ ಕಾಣಿಸೋದು ಮಾತ್ರ ಅಲ್ಲ.

ಎಟಿಎಂ ನೋಡಿ. ಹಣ ಮೊದಲು ಕೊಟ್ಟು ಕಾರ್ಡ್ ಆಮೇಲೆ ಕೊಡುವ ಯಂತ್ರದಲ್ಲಿ ಜನ ಕಾರ್ಡ್ ಮರೆತು ಹೋಗುತ್ತಾರೆ. ಬಂದ ಕೆಲಸ ಹಣ ಪಡೆಯೋದು, ಅದು ಕೈಗೆ ಬಂದ ಕೂಡಲೇ ಮನಸ್ಸಿಗೆ ಕೆಲಸ ಮುಗಿದ ಹಾಗೆ. ಇದಕ್ಕೆ "ಕಾರ್ಡ್ ಮರೆಯಬೇಡಿ" ಎಂಬ ಬೋರ್ಡು ಸಾಲದು. ಕಾರ್ಡ್ ತೆಗೆದುಕೊಂಡ ಮೇಲೆಯೇ ಹಣ ಬರುವಂತೆ ಕ್ರಮ ಬದಲಿಸಿದರೆ ಮರೆಯೋಕೆ ಜಾಗವೇ ಇರಲ್ಲ.

ಬೋರಿನ ಬಾಯಿ ಮುಚ್ಚೋದೂ ಇಂಥದ್ದೇ ಕೊನೆಯ ಹೆಜ್ಜೆ. ಹೊಲದವರ ಗುರಿ ನೀರು, ಮುಚ್ಚಳ ಅಲ್ಲ. ನೀರು ಬಿದ್ದರೆ ಸಂಭ್ರಮ, ಮೋಟಾರು ತರುವ ಗಡಿಬಿಡಿ. ನೀರು ಬೀಳದಿದ್ದರೆ ಸಾಲದ ಚಿಂತೆ. ಎರಡೂ ಹೊತ್ತಿನಲ್ಲಿ "ನಾಳೆ ಮುಚ್ಚಿದರಾತು" ಅನ್ನೋದು ಸುಲಭ.

ವಿಫಲ ಬೋರು ಹೆಚ್ಚು ಅಪಾಯ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಕೃಷ್ಣೆಯ ಕಾಲುವೆ ನೀರು ಬರುವ ಹೊಲದ ಕಥೆ ಬೇರೆ, ಬಾರದ ಹೊಲದ ಕಥೆ ಬೇರೆ. ಇಂಡಿಯ ಲಿಂಬೆ ತೋಟ ಒಣಗೋಕೆ ಶುರುವಾದರೆ ರೈತ ಇನ್ನೊಂದು ಬೋರು ಹಾಕಿಸಲೇಬೇಕು. ಲಚ್ಯಾಣದ ಘಟನೆ ನಡೆದದ್ದು ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿದ್ದ ಸಾಲಿನಲ್ಲಿ.

ಬೋರು ಕೊರೆಯೋಕೆ ಅಡಿಗೆ ಇಷ್ಟು ಅಂತ ದರ, ಕೇಸಿಂಗ್ ಪೈಪಿಗೆ ಬೇರೆ ದುಡ್ಡು. ನೀರು ಸಿಗದಿದ್ದರೆ ಪೈಪಾದರೂ ಉಳಿಯಲಿ ಅಂತ ಅದನ್ನು ಮೇಲೆ ಎಳೆಯುವ ರೂಢಿ ಇದೆ. ಆಗ ಮೇಲ್ಭಾಗದ ರಂಧ್ರ ಇನ್ನೂ ಅಗಲ, ಮುಚ್ಚಳ ಕೂರಿಸೋಕೆ ಪೈಪೂ ಇಲ್ಲ. ಅದರ ಮೇಲೊಂದು ಗೋಣಿಚೀಲ, ನಾಲ್ಕು ಕಲ್ಲು. ಇದು ತೆರೆದ ರಂಧ್ರಕ್ಕಿಂತ ಕೆಟ್ಟದ್ದು, ಯಾಕೆಂದರೆ ಮಗುವಿನ ಕಣ್ಣಿಗೆ ಅದು ನೆಲವೇ. ಅಂದರೆ ಕೈಯಲ್ಲಿ ದುಡ್ಡೂ ಇಲ್ಲದ, ಮನಸ್ಸೂ ಇಲ್ಲದ ಗಳಿಗೆಯಲ್ಲಿ ಸುರಕ್ಷತೆಯ ಪೂರ್ತಿ ಹೊಣೆ ರೈತನ ಮೇಲೆ ಬೀಳುತ್ತದೆ.

ನಿಯಮ ಏನು ಹೇಳುತ್ತದೆ?

2006ರಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯಲ್ಲಿ ಬೋರಿಗೆ ಬಿದ್ದ ಬಾಲಕನ ರಕ್ಷಣೆಯನ್ನು ದೇಶವೇ ಟಿವಿಯಲ್ಲಿ ನೋಡಿತ್ತು. 2010ರಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಹೊರಡಿಸಿತು. ಮುಖ್ಯ ಅಂಶಗಳು:

- ಕೊರೆಯುವ 15 ದಿನ ಮೊದಲೇ ಅಧಿಕಾರಿಗಳಿಗೆ ಲಿಖಿತ ಮಾಹಿತಿ
- ಕೊರೆಯುವ ಏಜೆನ್ಸಿಗಳ ನೋಂದಣಿ
- ಕೆಲಸದ ಜಾಗದಲ್ಲಿ ಫಲಕ, ಸುತ್ತ ಮುಳ್ಳುತಂತಿ ಬೇಲಿ
- ಕೇಸಿಂಗ್ ಸುತ್ತ ನೆಲದ ಮೇಲೆ 0.30 ಮೀಟರ್, ಕೆಳಗೆ 0.30 ಮೀಟರ್ ಕಾಂಕ್ರೀಟ್ ಕಟ್ಟೆ
- ಬೆಸುಗೆ ಹಾಕಿದ ಉಕ್ಕಿನ ತಟ್ಟೆ ಅಥವಾ ನಟ್ಟು-ಬೋಲ್ಟಿನ ಗಟ್ಟಿ ಮುಚ್ಚಳ
- ಕೈಬಿಟ್ಟ ಬೋರನ್ನು ಜೇಡಿಮಣ್ಣು, ಮರಳು, ಕಲ್ಲು ಇಲ್ಲವೇ ಕೊರೆದಾಗ ಬಂದ ಪುಡಿಯಿಂದ ತಳದಿಂದ ನೆಲಮಟ್ಟದವರೆಗೆ ತುಂಬುವುದು

ಲಚ್ಯಾಣದ ಘಟನೆಯ ನಂತರ, 2024ರಲ್ಲೇ, ರಾಜ್ಯ ಸರ್ಕಾರ 2011ರ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದಿತು. ಬೋರು ತೆರೆದು ಬಿಟ್ಟರೆ ಒಂದು ವರ್ಷದವರೆಗೆ ಜೈಲು, 25,000 ರೂಪಾಯಿವರೆಗೆ ದಂಡ.

ಶಿಕ್ಷೆ ಬೇಕು. ಆದರೆ ಶಿಕ್ಷೆ ಕೆಲಸ ಮಾಡೋದು ಅನಾಹುತ ಆದ ಮೇಲೆ, ಇಲ್ಲವೇ ಯಾರಾದರೂ ಬಂದು ನೋಡಿದ ಮೇಲೆ. ಹೊಲದ ಮೂಲೆಯ ರಂಧ್ರವನ್ನು ಯಾರು ಬಂದು ನೋಡ್ತಾರೆ?

ಕ್ರಮವನ್ನೇ ಬದಲಿಸೋಣ

ರೈತ ತನ್ನ ಬದುಕಿನಲ್ಲಿ ಬೋರು ಹಾಕಿಸೋದು ಕೆಲವೇ ಸಲ. ರಿಗ್ ಗಾಡಿಯವರಿಗೆ ಅದು ದಿನದ ಕೆಲಸ. ಬೋರಿನ ಬಾಯಿ ಮುಚ್ಚುವ ಕೆಲಸವನ್ನು ಆ ರೂಢಿಗೇ ಸೇರಿಸಬೇಕು.

ಒಂದು, ಮುಚ್ಚಳ ರಿಗ್ ಗಾಡಿಯ ಜೊತೆಗೇ ಬರಲಿ, ಅದರ ಬೆಲೆ ಕೊರೆಯುವ ದರದಲ್ಲೇ ಸೇರಿರಲಿ. ಎರಡು, ಎಟಿಎಂ ಸೂತ್ರ: ಮುಚ್ಚಿದ ಬೋರಿನ ಫೋಟೋ ಪಂಚಾಯಿತಿಗೆ ತಲುಪಿದ ಮೇಲೆ ಕೊನೆಯ ಕಂತಿನ ಹಣ. ಮೂರು, ಬೋರು ವಿಫಲವಾದರೆ ಪಕ್ಕದಲ್ಲೇ ಬಿದ್ದಿರುವ ಕಲ್ಲುಪುಡಿಯನ್ನು ವಾಪಸ್ ತುಂಬಿಯೇ ಗಾಡಿ ಹೊಲ ಬಿಡಲಿ. ನಾಲ್ಕು, ಹಳೆಯ ವಿಫಲ ಬೋರುಗಳನ್ನು ತಾವಾಗಿ ತೋರಿಸಿದ ರೈತರಿಗೆ ದಂಡ ಬೇಡ, ಪಂಚಾಯಿತಿಯೇ ಮುಚ್ಚಿಕೊಡಲಿ. ದಂಡದ ಭಯವಿದ್ದರೆ ಯಾರೂ ತೋರಿಸಲ್ಲ.

ಇವಕ್ಕೆ ದೊಡ್ಡ ತಂತ್ರಜ್ಞಾನ ಬೇಡ. ಒಂದು ಉಕ್ಕಿನ ಮುಚ್ಚಳದ ಖರ್ಚನ್ನು ರಾತ್ರಿಯಿಡೀ ಜೆಸಿಬಿ ಓಡಿಸುವ ಖರ್ಚಿನ ಜೊತೆ ಹೋಲಿಸಿ ನೋಡಿ.

ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಎರಡೇ ಪ್ರಶ್ನೆ ಕೇಳಿ. ನಮ್ಮ ಪಂಚಾಯಿತಿಯಲ್ಲಿ ಈ ವರ್ಷ ಎಷ್ಟು ಬೋರು ಕೊರೆದರು? ಅದರಲ್ಲಿ ಎಷ್ಟು ಮುಚ್ಚಿವೆ ಅಂತ ಯಾರು ಹೋಗಿ ನೋಡಿದರು? ಉತ್ತರ ಇಲ್ಲ ಅಂದರೆ, ಪಟ್ಟಿ ಮಾಡುವ ಕೆಲಸ ಆ ಸಭೆಯಲ್ಲೇ ಶುರುವಾಗಲಿ.