ಹಸಿರು ದೇವತೆ ಮೇಲಿನ ಕೇಸು

ಅಬ್ಸಿಂತ್ ಬಗ್ಗೆ ನನಗೆ ಗೊತ್ತಿದ್ದಿದ್ದು ಎರಡೇ. ಒಂದು, ಹಸಿರಾಗಿರತ್ತೆ. ಎರಡು, ಕುಡಿದರೆ ಹುಚ್ಚು ಹಿಡಿಯತ್ತೆ. ಆಫೀಸಿನ ಕೆಲಸದ ಮೇಲೆ ಸ್ವಿಟ್ಜರ್ಲೆಂಡಿಗೆ ಹೋಗಿದ್ದಾಗ ಒಂದು ಶನಿವಾರ ಅದರ ತವರೂರಾದ ವಾಲ್ ದ ತ್ರಾವೇರ್ ಕಣಿವೆಗೇ ರೈಲು ಹತ್ತಿದೆ. ಅಲ್ಲಿನ ಮೋತಿಯೇ ಎಂಬ ಊರಲ್ಲಿ 2014ರಿಂದ ಅಬ್ಸಿಂತ್ ಮ್ಯೂಸಿಯಂ ಇದೆ. ಕಟ್ಟಡ ಯಾವುದು ಗೊತ್ತಾ? ಹಿಂದೆ ಕಳ್ಳಬಟ್ಟಿ ಇಳಿಸಿದವರನ್ನು ವಿಚಾರಣೆ ಮಾಡುತ್ತಿದ್ದ ಕೋರ್ಟು!

ಲೋಟಕ್ಕೆ ಒಂದು ಬೆರಳಿನಷ್ಟು ಹಾಕಿಕೊಟ್ಟರು. ನೀರಿನಷ್ಟು ತಿಳಿ. 'ಹಸಿರೆಲ್ಲಿ?' ಅಂದೆ. ನಿಷೇಧದ ಕಾಲದಲ್ಲಿ ಬಣ್ಣ ಇದ್ದರೆ ಸಿಕ್ಕಿಬೀಳುತ್ತಿದ್ದರಲ್ಲ, ಅದಕ್ಕೇ ಇಲ್ಲಿಯವರು ಬಣ್ಣ ಬಿಟ್ಟರು, ಆ ರೂಢಿ ಉಳಿಯಿತು ಅಂದರು. ತಣ್ಣೀರು ಹನಿಹನಿಯಾಗಿ ಬಿದ್ದಂತೆ ಲೋಟವೆಲ್ಲ ಬೆಳ್ಳಗಾಯಿತು, ಥೇಟ್ ಸ್ನಾನದ ನೀರಿಗೆ ಡೆಟಾಲ್ ಹಾಕಿದ ಹಾಗೆ. ಸೋಂಪಿನ ಜಾತಿಯ ಎಣ್ಣೆ ಮದ್ಯದಲ್ಲಿ ಕರಗುತ್ತದೆ, ನೀರಲ್ಲಿ ಕರಗುವುದಿಲ್ಲ, ಅಷ್ಟೇ ಗುಟ್ಟು. (ಸಕ್ಕರೆಗೆ ಬೆಂಕಿ ಹಚ್ಚುವ ಆಟ ಹಳೇ ಸಂಪ್ರದಾಯವಲ್ಲ, 1990ರ ದಶಕದ ಚೆಕ್ ಬಾರುಗಳದ್ದು.) ರುಚಿ? ಹೋಟೆಲಿನಲ್ಲಿ ಬಿಲ್ಲಿನ ಜೊತೆ ಕೊಡುತ್ತಾರಲ್ಲ ಸೋಂಪು, ಅದು. ಹಿಂದಿನಿಂದ ಸ್ವಲ್ಪ ಕಹಿ. ಹುಚ್ಚೇನೂ ಹಿಡಿಯಲಿಲ್ಲ.

ಆ ಕಹಿ ಆರ್ಟಿಮೀಸಿಯ ಅಬ್ಸಿಂತಿಯಮ್ ಎಂಬ ಗಿಡದ್ದು. ನಮ್ಮ ದವನ ಇದೆಯಲ್ಲ, ಅದೇ ಕುಲ. ಇದೇ ಕಣಿವೆಯ ಕೂವೇ ಊರಲ್ಲಿ 1797ರಲ್ಲಿ ಭಟ್ಟಿ ಶುರುವಾಯಿತು. 1805ರಲ್ಲಿ ಪೆರ್ನೋ ಮನೆತನ ಗಡಿಯಾಚೆ ಫ್ರಾನ್ಸಿನ ಪೊಂತಾರ್ಲಿಯೇಗೆ ಕಾರ್ಖಾನೆ ಒಯ್ದಿತು. 1840ರ ದಶಕದಲ್ಲಿ ಅಲ್ಜೀರಿಯಾದ ಫ್ರೆಂಚ್ ಸೈನಿಕರಿಗೆ ಜ್ವರಕ್ಕೆ ಮದ್ದು ಅಂತ ಕೊಟ್ಟರು. ಅವರು ಊರಿಗೆ ಬರುವಾಗ ಜ್ವರ ಬಿಟ್ಟು ಮದ್ದು ತಂದರು. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟ ದ್ರಾಕ್ಷಿ ಬಳ್ಳಿಯ ಬೇರು ತಿಂದುಹಾಕಿತು. ವೈನ್ ತುಟ್ಟಿ, ಬೀಟ್‌ರೂಟಿನ ಮದ್ಯದಿಂದ ಮಾಡಿದ ಅಬ್ಸಿಂತ್ ಅಗ್ಗ. ಕೂಲಿಯವರಿಂದ ಕಲಾವಿದರವರೆಗೆ ಎಲ್ಲರ ಸಂಜೆಯೂ ಹಸಿರಾಯಿತು. 'ಹಸಿರು ದೇವತೆ' ಅನ್ನೋ ಹೆಸರೂ ಬಂತು.

ಬಳ್ಳಿಗಳು ಮತ್ತೆ ಚಿಗುರಿದಾಗ ವೈನಿಗೆ ಗಿರಾಕಿ ಇಲ್ಲ. ದ್ರಾಕ್ಷಿ ಬೆಳೆಗಾರರು ಅಬ್ಸಿಂತ್ ಮೇಲೆ ತಿರುಗಿಬಿದ್ದರು. ಅತ್ತ ಪ್ಯಾರಿಸ್ಸಿನ ವೈದ್ಯ ಮಾನ್ಯಾನ್ ಪ್ರಾಣಿಗಳಿಗೆ ಈ ಗಿಡದ ಎಣ್ಣೆ ಕೊಟ್ಟು, ಅವಕ್ಕೆ ಫಿಟ್ಸ್ ಬಂದದ್ದನ್ನು ತೋರಿಸಿದ್ದ. ಕೊಟ್ಟದ್ದು ಸಾಂದ್ರ ಎಣ್ಣೆ, ಜನ ಕುಡಿಯುವ ಪೇಯವಲ್ಲ.

ಇಷ್ಟು ಒಣಹುಲ್ಲು ಬಿದ್ದಿದ್ದಾಗ ಕಿಡಿ ಹಾರಿತು. 1905ರ ಆಗಸ್ಟ್ 28. ಸ್ವಿಟ್ಜರ್ಲೆಂಡಿನ ಕೊಮ್ಯೂನ್ಯಿ ಹಳ್ಳಿಯ ಕೂಲಿ ಜಾನ್ ಲಾನ್‌ಫ್ರೇ ತನ್ನ ಗರ್ಭಿಣಿ ಹೆಂಡತಿಯನ್ನೂ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನೂ ಗುಂಡಿಟ್ಟು ಕೊಂದ. ಜಗಳ ಶೂ ಪಾಲಿಶ್ ಮಾಡದ್ದಕ್ಕೆ ಅಂತೆ. ಆ ದಿನ ಅವನು ಕುಡಿದದ್ದು ಎರಡು ಲೋಟ ಅಬ್ಸಿಂತ್. ಅದರ ಜೊತೆ ಲೋಟಗಟ್ಟಲೆ ವೈನ್, ಕೊನ್ಯಾಕ್, ಬ್ರಾಂದಿ ಬೆರೆಸಿದ ಕಾಫಿ, ಪುದೀನಾ ಮದ್ಯ. ಆದರೆ ಪೇಪರಿನವರಿಗೆ ಕಂಡದ್ದು ಆ ಎರಡು ಲೋಟ ಮಾತ್ರ! ನಿಷೇಧ ಬೇಕೆಂದು 80 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ವೈನನ್ನು ಯಾರೂ ಕಟಕಟೆಗೆ ಕರೆಯಲಿಲ್ಲ. ಅದು ಊರಿನ ಬೆಳೆ, ಅನ್ನದ ಪ್ರಶ್ನೆ. ನನಗೆ ಚುಚ್ಚುವುದು ಇದಕ್ಕಿಂತ ಬೇರೆ. ಹೆಂಡತಿ ತನ್ನ ಶೂ ಒರೆಸಲೇಬೇಕು ಅಂದುಕೊಂಡ ಗಂಡಸಿನ ಬಗ್ಗೆ ಯಾರೂ ಸಹಿ ಸಂಗ್ರಹಿಸಿದ ಹಾಗೆ ಕಾಣೆ. ಲಾನ್‌ಫ್ರೇ 1906ರಲ್ಲಿ ಜೈಲಿನಲ್ಲಿ ನೇಣು ಹಾಕಿಕೊಂಡ.

1908ರಲ್ಲಿ ಸ್ವಿಸ್ ಜನ ಮತ ಹಾಕಿದರು, 1910ರಿಂದ ನಿಷೇಧ. 1912ರಲ್ಲಿ ಅಮೆರಿಕ, 1915ರಲ್ಲಿ ಯುದ್ಧದ ನಡುವೆ ಫ್ರಾನ್ಸ್. ಬ್ರಿಟನ್ ಮಾತ್ರ ಕೊನೆಗೂ ನಿಷೇಧಿಸಲೇ ಇಲ್ಲ.

ಹುಚ್ಚಿನ ಆರೋಪಿ ತುಜೋನ್ ಎಂಬ ರಾಸಾಯನಿಕ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಿಷೇಧಕ್ಕೆ ಮುಂಚಿನ 13 ಬಾಟಲಿಗಳನ್ನು ಪರೀಕ್ಷಿಸಿದರು. ಲೀಟರಿಗೆ ಸರಾಸರಿ 25 ಮಿಲಿಗ್ರಾಂ ಸಿಕ್ಕಿತು. ಭ್ರಮೆ ಹುಟ್ಟಿಸುವಷ್ಟಲ್ಲ. ಅಲ್ಲಿದ್ದ ನಿಜವಾದ ವಿಷ ಶೇಕಡ 70ರ ಆಸುಪಾಸಿನ ಆಲ್ಕೋಹಾಲ್. ಹಾಗಂತ ಇದು ಸಾಧು ಪೇಯ ಅಂತಲ್ಲ ಮಾರಾಯ್ರೆ, ಆಗ ಅಗ್ಗದ ಮಾಲಿಗೆ ಹಸಿರು ಬರಲಿ ಅಂತ ಮೈಲುತುತ್ತನ್ನೂ ಬೆರೆಸುತ್ತಿದ್ದರು.

ಸ್ವಿಟ್ಜರ್ಲೆಂಡಿನಲ್ಲಿ 2005ರ ಮಾರ್ಚ್ 1ರಿಂದ ಮತ್ತೆ ಕಾನೂನುಬದ್ಧ. ಅಮೆರಿಕದಲ್ಲಿ 2007ರಿಂದ, ತುಜೋನ್ ಮಿತಿಯ ಷರತ್ತಿನ ಮೇಲೆ. ಫ್ರಾನ್ಸ್ ಹಳೇ ಕಾನೂನನ್ನು ಪೂರ್ತಿ ಕಿತ್ತುಹಾಕಿದ್ದು 2011ರಲ್ಲಿ. ಈಗ ಯುರೋಪಿನ ಅಂಗಡಿಗಳಲ್ಲಿ ಆರಾಮಾಗಿ ಸಿಗುತ್ತದೆ. ಕೆಲವು ಲೇಬಲ್ಲುಗಳಲ್ಲಿ ಆ ಹುಚ್ಚಿನ ಕತೆಯೇ ಜಾಹೀರಾತು.

ರಾತ್ರಿ ಅಮ್ಮ ಫೋನಲ್ಲಿ 'ಏನು ತಿಂದೆ, ಏನು ಕುಡಿದೆ' ಅಂದಳು. 'ಸೋಂಪಿನ ಕಷಾಯ' ಅಂದೆ. 'ಒಳ್ಳೇದು, ಜೀರ್ಣ ಆಗತ್ತೆ' ಅಂದಳು.